ಸ್ಫೋಟವಾದದ್ದು ಯಾರ ಮನೆಯಲ್ಲಿ?

ನಡುರಾತ್ರಿ ಊರಾಚೆ ಎಲ್ಲೋ 'ಢಂ' ಎಂದು ಸದ್ದಾಗುತ್ತದೆ. ಎದ್ದು ಕಿಟಕಿ ತೆರೆದರೆ ಬರೀ ಕತ್ತಲೆ. ಬೆಳಿಗ್ಗೆ ಹಾಲು ಹಾಕುವವನಿಂದ ಹಿಡಿದು ಹೋಟೆಲಿನ ಗಲ್ಲಾದ ಮೇಲೆ ಕುಳಿತವರವರೆಗೆ ಎಲ್ಲರದೂ ಒಂದೊಂದು ಊಹೆ. ಜಗಳ ತೀರುವುದು, ಯಾರಾದರೂ ಸೈಕಲ್ ಹತ್ತಿ ಸದ್ದಾದ ಜಾಗಕ್ಕೇ ಹೋಗಿ ನೋಡಿ ಬಂದಾಗ. ಅಲ್ಲಿ ಕಲ್ಲಿನ ಕ್ವಾರಿ ಇದ್ದರೆ ಸಿಡಿಮದ್ದು, ಟ್ರಾನ್ಸ್‌ಫಾರ್ಮರ್ ಇದ್ದರೆ ವಿದ್ಯುತ್ತಿನ ಅವಾಂತರ, ಮದುವೆ ಮನೆ ಇದ್ದರೆ ಪಟಾಕಿ. ಸದ್ದು ಆ ಕ್ಷಣಕ್ಕೇ ಅಡಗಿ ಹೋಗಿದೆ. ಆದರೆ ಜಾಗ ಇನ್ನೂ ಅಲ್ಲೇ ಇದೆ, ಮತ್ತು ಅದು ಸದ್ದಿನ ಗುಟ್ಟನ್ನು ಹೇಳುತ್ತದೆ.

ಆಕಾಶದಲ್ಲಿ ಕೇಳಿಬಂದ ಇಂಥದೇ ಒಂದು 'ಢಂ'ನ ಜಾಗ ಹುಡುಕುವುದಕ್ಕೆ ಖಗೋಳಜ್ಞರಿಗೆ ಮೂವತ್ತು ವರ್ಷ ಬೇಕಾಯಿತು.

ಕತೆ ಆರಂಭವಾಗುವುದು ಅಣುಬಾಂಬಿನಿಂದ. 1963ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್ ಸೇರಿ, ವಾಯುಮಂಡಲದಲ್ಲಾಗಲೀ ಅಂತರಿಕ್ಷದಲ್ಲಾಗಲೀ ನೀರಿನಡಿಯಲ್ಲಾಗಲೀ ಅಣುಬಾಂಬಿನ ಪರೀಕ್ಷೆ ನಡೆಸಬಾರದೆಂದು ಒಪ್ಪಂದ ಮಾಡಿಕೊಂಡವು. ಒಪ್ಪಂದಕ್ಕೆ ಸಹಿ ಹಾಕಿದರೂ ಪರಸ್ಪರ ನಂಬಿಕೆ ಅಷ್ಟಕ್ಕಷ್ಟೆ. ಎದುರಾಳಿ ಕದ್ದು ಬಾಂಬ್ ಸಿಡಿಸಿದರೆ ಹಿಡಿಯಬೇಕೆಂದು ಅಮೆರಿಕ 'ವೇಲಾ' ಎಂಬ ಉಪಗ್ರಹಗಳನ್ನು ಜೋಡಿ ಜೋಡಿಯಾಗಿ ಹಾರಿಸಿತು. ಬಾಂಬ್ ಸಿಡಿದರೆ ಗ್ಯಾಮಾ ಕಿರಣಗಳು ಹೊಮ್ಮುತ್ತವೆ. ಕ್ಷ-ಕಿರಣಕ್ಕಿಂತಲೂ ಹೆಚ್ಚು ಶಕ್ತಿಯ ಈ ಕಿರಣಗಳನ್ನು ಗುರುತಿಸುವುದೇ ವೇಲಾಗಳ ಕೆಲಸ.

1967ರ ಜುಲೈ 2ರಂದು ವೇಲಾಗಳಿಗೆ ಗ್ಯಾಮಾ ಕಿರಣಗಳ ಒಂದು ಹೊಳಪು ಬಡಿಯಿತು. ಆದರೆ ಅದರ ಏರಿಳಿತ ಬಾಂಬಿನದರಂತೆ ಇರಲಿಲ್ಲ. ಲಾಸ್ ಅಲಮೋಸ್ ಪ್ರಯೋಗಾಲಯದ ರೇ ಕ್ಲೆಬೆಸಡೆಲ್ ಮತ್ತು ರಾಯ್ ಓಲ್ಸನ್ ಇದನ್ನು ಹಳೆಯ ದಾಖಲೆಗಳ ನಡುವೆ ಗುರುತಿಸಿದ್ದು 1969ರಲ್ಲಿ. ಮುಂದೆ ಇಂಥವು ಮತ್ತೆ ಮತ್ತೆ ಸಿಕ್ಕವು. ಒಂದೇ ಹೊಳಪು ಬೇರೆ ಬೇರೆ ಉಪಗ್ರಹಗಳನ್ನು ತಲುಪುವಾಗ ಸೆಕೆಂಡಿನ ಅತಿಸಣ್ಣ ಭಾಗದಷ್ಟು ಹಿಂದುಮುಂದಾಗುತ್ತದೆ. ಆ ವ್ಯತ್ಯಾಸವನ್ನು ಲೆಕ್ಕ ಹಾಕಿದಾಗ, ಹೊಳಪು ಬಂದದ್ದು ಭೂಮಿಯಿಂದಲೂ ಅಲ್ಲ, ಸೂರ್ಯನಿಂದಲೂ ಅಲ್ಲ ಎಂದು ಖಚಿತವಾಯಿತು. 1973ರಲ್ಲಿ ಹದಿನಾರು ಸ್ಫೋಟಗಳ ವರದಿ ಪ್ರಕಟವಾಯಿತು. ಸೈನಿಕರ ಕಾವಲುಗಾರ ಕಳ್ಳನನ್ನು ಹಿಡಿಯಲು ಹೋಗಿ ವಿಶ್ವದ ಅತ್ಯಂತ ಪ್ರಚಂಡ ಸಿಡಿಮದ್ದನ್ನು ಕಂಡಿದ್ದ.

ವಿಳಾಸವಿಲ್ಲದ ಸ್ಫೋಟಗಳು

ಇನ್ನು ಜಾಗ ಹುಡುಕಬೇಕು. ಕಷ್ಟ ಇರುವುದು ಇಲ್ಲಿಯೇ. ಸಾಮಾನ್ಯ ದೂರದರ್ಶಕದ ಕನ್ನಡಿ ಬೆಳಕನ್ನು ಒಂದೆಡೆ ಸೇರಿಸಿ ಬಿಂಬ ಮೂಡಿಸುವಂತೆ ಗ್ಯಾಮಾ ಕಿರಣಗಳನ್ನು ಸೇರಿಸಲಾಗದು. ಅವು ಕನ್ನಡಿಯನ್ನೇ ತೂರಿಕೊಂಡು ಹೋಗುತ್ತವೆ. ಹಾಗಾಗಿ 'ಈ ಕಡೆಯಿಂದ ಬಂತು' ಎಂದು ಕೈ ತೋರಿಸಬಹುದೇ ವಿನಾ ಬೆರಳು ಮಾಡಿ ತೋರಿಸಲಾಗದು. 1991ರಲ್ಲಿ ಹಾರಿದ ಕಾಂಪ್ಟನ್ ವೀಕ್ಷಣಾಲಯದಲ್ಲಿ 'ಬ್ಯಾಟ್ಸೆ' ಎಂಬ ಉಪಕರಣವಿತ್ತು. ದಿನಕ್ಕೆ ಸುಮಾರು ಒಂದರಂತೆ ಒಂಬತ್ತು ವರ್ಷಗಳಲ್ಲಿ ಅದು 2704 ಸ್ಫೋಟಗಳನ್ನು ದಾಖಲಿಸಿತು. ಆದರೆ ಒಂದೊಂದಕ್ಕೂ ಅದು ಕೊಡುತ್ತಿದ್ದ ವಿಳಾಸವೋ, ನೂರಾರು ಹುಣ್ಣಿಮೆ ಚಂದ್ರರು ಹಿಡಿಸುವಷ್ಟು ಅಗಲದ ಆಕಾಶ! ಅಷ್ಟು ಜಾಗದಲ್ಲಿ ಲಕ್ಷಗಟ್ಟಲೆ ಚುಕ್ಕಿಗಳು, ಗ್ಯಾಲಕ್ಸಿಗಳು. ಯಾರನ್ನೆಂದು ಹಿಡಿಯುವುದು?

ಊಹೆಗಳಿಗೇನೂ ಕೊರತೆಯಿರಲಿಲ್ಲ. ಸ್ಫೋಟಕ್ಕೆ ಕಾರಣ ಹೇಳುವ ಸಿದ್ಧಾಂತಗಳು 1990ರ ದಶಕದ ವೇಳೆಗೆ ನೂರನ್ನು ದಾಟಿದ್ದವು. ಬ್ಯಾಟ್ಸೆ ಒಂದು ಸುಳಿವು ಮಾತ್ರ ಕೊಟ್ಟಿತು. ಸ್ಫೋಟಗಳು ಆಕಾಶದ ಎಲ್ಲ ದಿಕ್ಕಿನಿಂದಲೂ ಒಂದೇ ಸಮನೆ ಬರುತ್ತಿದ್ದವು. ಅವು ನಮ್ಮ ಆಕಾಶಗಂಗೆಯೊಳಗೇ ಆಗುತ್ತಿದ್ದರೆ ರಾತ್ರಿ ಕಾಣುವ ಆ ಹಾಲುಬಿಳುಪಿನ ಪಟ್ಟಿಯ ಉದ್ದಕ್ಕೇ ಹೆಚ್ಚು ಕಾಣಬೇಕಿತ್ತು. 1995ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಇದರ ಬಗ್ಗೆ ಬಹಿರಂಗ ವಾದವೇ ನಡೆಯಿತು. ಸ್ಫೋಟಗಳು ಕೋಟ್ಯಂತರ ಬೆಳಕಿನ ವರ್ಷಗಳಾಚೆ ಬೇರೆ ಗ್ಯಾಲಕ್ಸಿಗಳಲ್ಲಿ ಆಗುತ್ತಿವೆ ಎಂದು ಬೋಹ್ಡಾನ್ ಪಚಿನ್‌ಸ್ಕಿ ವಾದಿಸಿದರು. ಅಲ್ಲ, ನಮ್ಮ ಆಕಾಶಗಂಗೆಯನ್ನು ದೂರದಿಂದ ಸುತ್ತುವರಿದ ನ್ಯೂಟ್ರಾನ್ ನಕ್ಷತ್ರಗಳಿಂದ ಬರುತ್ತಿವೆ ಎಂದರು ಡಾನ್ ಲ್ಯಾಂಬ್. ಇಬ್ಬರೂ ಘಟಾನುಘಟಿಗಳು. ಆದರೆ ಒಂದೇ ಒಂದು ಸ್ಫೋಟದ ದೂರವೂ ಗೊತ್ತಿಲ್ಲದೆ ತೀರ್ಪು ಕೊಡುವುದು ಹೇಗೆ?

ಸುಮಾರು ಎರಡು ವರ್ಷಗಳಲ್ಲಿ ತೀರ್ಪು ಬಂತು. ಇಟಲಿ ಮತ್ತು ನೆದರ್ಲೆಂಡ್ಸ್ ಸೇರಿ 1996ರಲ್ಲಿ ಹಾರಿಸಿದ್ದ 'ಬೆಪ್ಪೊಸ್ಯಾಕ್ಸ್' ಉಪಗ್ರಹ ಗ್ಯಾಮಾ ಕಿರಣಗಳ ಜೊತೆಗೆ ಕ್ಷ-ಕಿರಣಗಳನ್ನೂ ನೋಡಬಲ್ಲದಾಗಿತ್ತು. 1997ರ ಫೆಬ್ರವರಿ 28ರಂದು ಒಂದು ಸ್ಫೋಟವಾಯಿತು. ಎಂಟು ಗಂಟೆಗಳ ಬಳಿಕ ಉಪಗ್ರಹವನ್ನು ಅತ್ತ ತಿರುಗಿಸಿದಾಗ, ಗ್ಯಾಮಾ ಕಿರಣಗಳು ನಿಂತಿದ್ದರೂ ಕ್ಷ-ಕಿರಣಗಳು ಇನ್ನೂ ಬರುತ್ತಿದ್ದವು. ಬೆಂಕಿ ಆರಿದ ಮೇಲೂ ಕೆಂಡ ಸ್ವಲ್ಪ ಹೊತ್ತು ಹೊಳೆಯುತ್ತದಲ್ಲ, ಹಾಗೆ. ಇದಕ್ಕೆ ಉಳಿಹೊಳಪು ಎನ್ನೋಣ. ಅದೇ ರಾತ್ರಿ ಕ್ಯಾನರಿ ದ್ವೀಪಗಳ ಲಾ ಪಾಲ್ಮಾದ ದೂರದರ್ಶಕದಿಂದ ಯಾನ್ ವಾನ್ ಪ್ಯಾರಡೈಸ್ ಅವರ ತಂಡ ಆ ಜಾಗದ ಚಿತ್ರ ತೆಗೆಯಿತು. ಮಾರ್ಚ್ 8ರಂದು ಮತ್ತೊಮ್ಮೆ ತೆಗೆಯಿತು. ಎರಡನ್ನೂ ಹೋಲಿಸಿದಾಗ ಮೊದಲ ಚಿತ್ರದಲ್ಲಿದ್ದ ಒಂದು ಚುಕ್ಕಿ ಎರಡನೆಯದರಲ್ಲಿ ಮಾಯ!

ಮಾಯವಾದ ಚುಕ್ಕಿಯ ಜಾಗದಲ್ಲಿ ಹಬಲ್ ದೂರದರ್ಶಕಕ್ಕೆ ಕಂಡದ್ದು ಒಂದು ಸಣ್ಣ ಮಸುಕು. ಇದು ಗ್ಯಾಲಕ್ಸಿಯೋ ಅಥವಾ ಸ್ಫೋಟದ್ದೇ ಹೊಗೆಯೋ ಎಂಬ ವಾದ ಕೆಲವು ತಿಂಗಳು ನಡೆಯಿತು. ಸೆಪ್ಟೆಂಬರಿನಲ್ಲಿ ಹಬಲ್ ಮತ್ತೆ ನೋಡಿತು. ಚುಕ್ಕಿ ಇನ್ನಷ್ಟು ಕ್ಷೀಣಿಸಿತ್ತು, ಮಸುಕು ಹಾಗೆಯೇ ಇತ್ತು. ಅದು ಗ್ಯಾಲಕ್ಸಿಯೇ. ಖಗೋಳಜ್ಞರು ಇಂಥದನ್ನು 'ಆತಿಥೇಯ ಗ್ಯಾಲಕ್ಸಿ' ಎನ್ನುತ್ತಾರೆ. ಕ್ರಿಕೆಟ್ ಟೂರ್ನಿಗೆ ಆತಿಥೇಯ ದೇಶ ಇರುವಂತೆ ಸ್ಫೋಟಕ್ಕೆ ಆತಿಥೇಯ ಗ್ಯಾಲಕ್ಸಿ. ಅತಿಥಿ ಮಾತ್ರ ಅಷ್ಟೇನೂ ಒಳ್ಳೆಯವನಲ್ಲ.

ಹುಬ್ಬಳ್ಳಿಯಲ್ಲಿ ಬೆಳೆದ ಹುಡುಗ

ಅದೇ ವರ್ಷದ ಮೇ 8ರ ಸ್ಫೋಟದಲ್ಲಿ ದೂರವೂ ಸಿಕ್ಕಿತು. ಹವಾಯಿ ದ್ವೀಪದ ಪರ್ವತದ ಮೇಲಿರುವ ಹತ್ತು ಮೀಟರ್ ಅಗಲದ ಕೆಕ್ ದೂರದರ್ಶಕದಿಂದ ಕ್ಯಾಲ್‌ಟೆಕ್‌ನ ಮಾರ್ಕ್ ಮೆಟ್ಜ್‌ಗರ್ ಮತ್ತು ಸಂಗಡಿಗರು ಉಳಿಹೊಳಪಿನ ರೋಹಿತವನ್ನು, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿಯನ್ನು, ಪಡೆದರು. ಅದರಲ್ಲಿ ಕಬ್ಬಿಣ ಮತ್ತು ಮೆಗ್ನೀಷಿಯಮ್ ಮೂಡಿಸುವ ಕಪ್ಪು ಗೆರೆಗಳಿದ್ದವು. ಆದರೆ ಅವು ಇರಬೇಕಾದ ಜಾಗದಿಂದ ಕೆಂಪಿನತ್ತ ಬಹಳ ದೂರ ಸರಿದಿದ್ದವು. ವಿಶ್ವ ಹಿಗ್ಗುತ್ತಿರುವುದರಿಂದ ದೂರದ ಬೆಳಕೂ ಹಿಗ್ಗಿ ಕೆಂಪಾಗುತ್ತದೆ. ಸರಿದಷ್ಟೂ ದೂರ ಹೆಚ್ಚು. ಇದೇ ಕೆಂಪು ಪಲ್ಲಟ. ಲೆಕ್ಕ ಹಾಕಿದರೆ ಆ ಬೆಳಕು ಕಡಿಮೆಯೆಂದರೂ 700 ಕೋಟಿ ವರ್ಷ ಪ್ರಯಾಣ ಮಾಡಿ ಬಂದಿತ್ತು. ಸೂರ್ಯ ಹುಟ್ಟಿದ್ದೇ ಸುಮಾರು 460 ಕೋಟಿ ವರ್ಷಗಳ ಹಿಂದೆ. ಪಚಿನ್‌ಸ್ಕಿ ಗೆದ್ದಿದ್ದರು.

ಆ ಕ್ಯಾಲ್‌ಟೆಕ್ ತಂಡವನ್ನು ಮುನ್ನಡೆಸಿದವರಲ್ಲಿ ಒಬ್ಬರು ಶ್ರೀನಿವಾಸ ಕುಲಕರ್ಣಿ. ಅವರು ಬೆಳೆದದ್ದು ನಮ್ಮ ಹುಬ್ಬಳ್ಳಿಯಲ್ಲಿ. ಲೇಖಕಿ ಸುಧಾ ಮೂರ್ತಿಯವರ ತಮ್ಮ. ದೆಹಲಿಯ ಐಐಟಿಯಲ್ಲಿ ಓದಿ, ಅಮೆರಿಕದ ಬರ್ಕ್ಲಿಗೆ ಹೋದ ಅವರು, ಸೆಕೆಂಡಿಗೆ ನೂರಾರು ಸಲ ಗಿರಕಿ ಹೊಡೆಯುವ ಪಲ್ಸಾರ್‌ಗಳಲ್ಲಿ ಮೊದಲನೆಯದನ್ನು 1982ರಲ್ಲಿ ಪತ್ತೆ ಮಾಡಿದ ತಂಡದಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಇದ್ದರು. 2024ರಲ್ಲಿ ಅವರಿಗೆ ಖಗೋಳವಿಜ್ಞಾನದ ಶಾ ಪ್ರಶಸ್ತಿ ಬಂದಾಗ ಗ್ಯಾಮಾ ಸ್ಫೋಟಗಳ ಕೆಲಸವನ್ನೂ ಹೆಸರಿಸಲಾಗಿತ್ತು.

1997ರ ಡಿಸೆಂಬರ್ 14ರ ಸ್ಫೋಟ ಈ ತಂಡಕ್ಕೆ ಇನ್ನೊಂದು ಪಾಠ ಕಲಿಸಿತು. ಉಳಿಹೊಳಪು ಆರುವವರೆಗೂ ಕಾದು, ಆಮೇಲೆ ಅಲ್ಲಿ ಉಳಿದ ಮಂಕಾದ ಗ್ಯಾಲಕ್ಸಿಯತ್ತ ಕೆಕ್ ಅನ್ನು ತಿರುಗಿಸಿದರು. ಅಲ್ಲಿಂದ ಬೆಳಕು ಹೊರಟದ್ದು ಸುಮಾರು 1200 ಕೋಟಿ ವರ್ಷಗಳ ಹಿಂದೆ. ಅಷ್ಟು ದೂರದಿಂದಲೂ ಅಷ್ಟು ಪ್ರಖರವಾಗಿ ಕಾಣಬೇಕಾದರೆ ಸ್ಫೋಟದಲ್ಲಿ ಹೊಮ್ಮಿದ ಶಕ್ತಿ ಎಷ್ಟಿರಬೇಕು? ಎಲ್ಲ ದಿಕ್ಕಿಗೂ ಸಮನಾಗಿ ಹೊಮ್ಮಿತೆಂದುಕೊಂಡರೆ ಲೆಕ್ಕ ಯಾವ ಸಿದ್ಧಾಂತಕ್ಕೂ ಬಗ್ಗುತ್ತಿರಲಿಲ್ಲ. ಬರಬರುತ್ತ ತಿಳಿದದ್ದೇನೆಂದರೆ, ಸ್ಫೋಟದ ಬೆಳಕು ಮನೆಯ ಬಲ್ಬಿನಂತೆ ಸುತ್ತಲೂ ಹರಡುವುದಿಲ್ಲ, ಟಾರ್ಚಿನಂತೆ ಕಿರಿದಾದ ಕೋಲಾಗಿ ಹೊರಡುತ್ತದೆ. ಕೋಲು ನಮ್ಮತ್ತ ಇದ್ದರೆ ಮಾತ್ರ ನಮಗೆ ಕಾಣುತ್ತದೆ. ಕಾಣದೇ ಹೋದವು ಇನ್ನೆಷ್ಟೋ.

ಕಾಯುವ ವಿದ್ಯೆ

ಆತಿಥೇಯ ಗ್ಯಾಲಕ್ಸಿಯ ಅಧ್ಯಯನದಲ್ಲಿ ಎರಡು ಬಗೆಯ ಜನ ಬೇಕು. ಮೊದಲನೆಯವರು ಅವಸರದವರು. ಸ್ಫೋಟದ ಸುದ್ದಿ ಬಂದೊಡನೆ ಊಟದ ತಟ್ಟೆ ಬಿಟ್ಟು ಏಳಬೇಕು, ಏಕೆಂದರೆ ಉಳಿಹೊಳಪು ಗಂಟೆಗಟ್ಟಲೆಯಲ್ಲಿ ಮಂಕಾಗುತ್ತದೆ. ಕರಾರುವಾಕ್ಕಾದ ವಿಳಾಸ ಬರೆದುಕೊಳ್ಳಬೇಕಾದದ್ದು ಆಗಲೇ. ಎರಡನೆಯವರು ತಾಳ್ಮೆಯವರು. ಉಳಿಹೊಳಪು ಪೂರ್ತಿ ಆರಲೆಂದು ತಿಂಗಳುಗಟ್ಟಲೆ ಕಾದು, ನಂತರ ದೊಡ್ಡ ದೂರದರ್ಶಕವನ್ನು ಅದೇ ಜಾಗಕ್ಕೆ ಗಂಟೆಗಟ್ಟಲೆ ನಿಲ್ಲಿಸಿ ಮಸುಕಿನ ಬೆಳಕನ್ನು ಹನಿಹನಿಯಾಗಿ ಕೂಡಿಸುತ್ತಾರೆ.

ಹಾಗೆ ಕೂಡಿಸಿದ ಬೆಳಕನ್ನು ಬಿಡಿಸಿದರೆ ಗ್ಯಾಲಕ್ಸಿಯ ಜಾತಕವೇ ಸಿಗುತ್ತದೆ. ಬಿಸಿಯಾದ ಜಲಜನಕದ ಗೆರೆ ಪ್ರಖರವಾಗಿದ್ದರೆ ಅಲ್ಲಿ ಹೊಸ ನಕ್ಷತ್ರಗಳು ಭರದಿಂದ ಹುಟ್ಟುತ್ತಿವೆ. ನೀಲಿ ಹೆಚ್ಚಿದ್ದರೆ ಎಳೆಯ ನಕ್ಷತ್ರಗಳು, ಕೆಂಪು ಹೆಚ್ಚಿದ್ದರೆ ಮುದಿ ನಕ್ಷತ್ರಗಳು ಅಥವಾ ಧೂಳು. ಆಮ್ಲಜನಕ, ಸಾರಜನಕಗಳ ಗೆರೆಗಳಿಂದ ಅಲ್ಲಿನ 'ಲೋಹ'ದ ಪ್ರಮಾಣ ತಿಳಿಯುತ್ತದೆ. ಜಲಜನಕ ಮತ್ತು ಹೀಲಿಯಮ್ ಬಿಟ್ಟು ಉಳಿದದ್ದೆಲ್ಲ ಖಗೋಳಜ್ಞರಿಗೆ ಲೋಹವೇ, ಆಮ್ಲಜನಕ ಕೂಡ. ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ ಮಕ್ಕಳು ಹಾಗೆ ಬರೆದಾರು, ಜೋಕೆ!

ಗ್ಯಾಮಾ ಸ್ಫೋಟಗಳಲ್ಲಿ ಎರಡು ಬಗೆ ಎಂಬುದು ಬ್ಯಾಟ್ಸೆಯ ಕಾಲಕ್ಕೇ ಗೊತ್ತಾಗಿತ್ತು. ಎರಡು ಸೆಕೆಂಡಿಗಿಂತ ಹೆಚ್ಚು ಕಾಲ ಇರುವವು ದೀರ್ಘ, ಅದಕ್ಕಿಂತ ಕಡಿಮೆಯವು ಹ್ರಸ್ವ. ಮೊದಮೊದಲು ವಿಳಾಸ ಸಿಕ್ಕಿದ್ದೆಲ್ಲ ದೀರ್ಘ ಸ್ಫೋಟಗಳದ್ದೇ. ಅವುಗಳ ಮನೆಗಳೆಲ್ಲ ಒಂದೇ ಬಗೆಯವಾಗಿ ಕಂಡವು: ಸಣ್ಣವು, ನೀಲಿಯವು, ನಕ್ಷತ್ರಗಳು ಭರದಿಂದ ಹುಟ್ಟುತ್ತಿರುವವು. ಆಂಡ್ರ್ಯೂ ಫ್ರುಕ್ಟರ್ ಮತ್ತು ಸಂಗಡಿಗರು ಹಬಲ್ ಚಿತ್ರಗಳಲ್ಲಿ 42 ದೀರ್ಘ ಸ್ಫೋಟಗಳ ಗ್ಯಾಲಕ್ಸಿಗಳನ್ನು ಅಳೆದು 2006ರಲ್ಲಿ ಪ್ರಕಟಿಸಿದರು. ನಮ್ಮ ಆಕಾಶಗಂಗೆಯಂತೆ ಅಂದವಾದ ಸುರುಳಿ ತೋಳುಗಳಿದ್ದದ್ದು ಅವುಗಳಲ್ಲಿ ಒಂದೇ ಒಂದಕ್ಕೆ. ಸಾಮಾನ್ಯ ಸೂಪರ್ನೋವಾಗಳ ಮನೆಗಳಲ್ಲಾದರೆ ಸುಮಾರು ಅರ್ಧದಷ್ಟು ಸುರುಳಿಗಳೇ. ಇನ್ನೂ ವಿಶೇಷವೆಂದರೆ, ಸ್ಫೋಟವಾದದ್ದು ಗ್ಯಾಲಕ್ಸಿಯ ಎಲ್ಲೆಂದರಲ್ಲಿ ಅಲ್ಲ. ಅದರ ಅತ್ಯಂತ ಪ್ರಕಾಶಮಾನವಾದ ಮೂಲೆಯಲ್ಲಿ, ಹೊಸ ನಕ್ಷತ್ರಗಳ ಹೆರಿಗೆ ವಾರ್ಡಿನಲ್ಲಿ.

ಹೆರಿಗೆ ವಾರ್ಡಿನಲ್ಲೇ ಸಾಯುವವರು ಯಾರು? ಅತಿ ಭಾರದ ನಕ್ಷತ್ರಗಳು. ಸೂರ್ಯನಂಥ ನಕ್ಷತ್ರ ಸಾವಿರ ಕೋಟಿ ವರ್ಷ ಬಾಳುತ್ತದೆ, ಹುಟ್ಟಿದ ಊರಿನಿಂದ ದೂರ ಹೋಗಲು ಬೇಕಾದಷ್ಟು ಸಮಯವಿದೆ. ಸೂರ್ಯನ ಇಪ್ಪತ್ತು-ಮೂವತ್ತು ಪಟ್ಟು ಭಾರದ್ದೋ ಕೆಲವೇ ದಶಲಕ್ಷ ವರ್ಷಗಳಲ್ಲಿ ಇಂಧನವನ್ನೆಲ್ಲ ಉರಿಸಿ, ಹುಟ್ಟಿದಲ್ಲೇ ಕುಸಿಯುತ್ತದೆ. ಅದರ ತಿರುಳು ಕುಸಿದು ಕಪ್ಪು ರಂಧ್ರವಾಗುವಾಗ, ಗಿರಕಿ ಹೊಡೆಯುತ್ತಿರುವ ದ್ರವ್ಯದಿಂದ ಎರಡು ಚಿಲುಮೆಗಳು ಚಿಮ್ಮುತ್ತವೆ ಎಂದು ಸ್ಟ್ಯಾನ್ ವೂಸ್ಲಿ 1993ರಲ್ಲೇ ಸೂಚಿಸಿದ್ದರು. ಅದಕ್ಕೆ ಸಾಕ್ಷಿಯೂ ಒದಗಿತು. 1998ರ ಏಪ್ರಿಲ್ 25ರ ಸ್ಫೋಟದ ಜಾಗದಲ್ಲೇ, ಸುಮಾರು 13 ಕೋಟಿ ಬೆಳಕಿನ ವರ್ಷ ದೂರದ ಗ್ಯಾಲಕ್ಸಿಯೊಂದರಲ್ಲಿ, ಸೂಪರ್ನೋವಾ ಕಂಡಿತು. ಸಂದೇಹ ಇದ್ದವರಿಗೆ 2003ರ ಮಾರ್ಚ್ 29ರ ಸ್ಫೋಟ ಉತ್ತರ ಕೊಟ್ಟಿತು: ಉಳಿಹೊಳಪು ಮಂಕಾದಂತೆ ಅದರ ಹಿಂದಿನಿಂದ ಸೂಪರ್ನೋವಾದ ರೋಹಿತ ಇಣುಕಿತು. ಆ ಸ್ಫೋಟವನ್ನು ಗಮನಿಸಿದ ಅನೇಕ ದೂರದರ್ಶಕಗಳಲ್ಲಿ ಲಡಾಖಿನ ಹಾನ್ಲೆಯಲ್ಲಿರುವ ಭಾರತದ ಎರಡು ಮೀಟರ್ ದೂರದರ್ಶಕವೂ ಒಂದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಹೊಸಕೋಟೆಯಲ್ಲಿ ಕುಳಿತು. ಕೋಲಾರದ ಬಸ್ಸಿನಲ್ಲಿ ಹೋಗುವವರಿಗೆ ಅದು ಗೊತ್ತಿರಲಿಕ್ಕಿಲ್ಲ.

ಆದರೆ ಮನೆಗಳು ಸಣ್ಣವೇ ಯಾಕೆ? ಸಣ್ಣ ಗ್ಯಾಲಕ್ಸಿಗಳಲ್ಲಿ ಲೋಹ ಕಡಿಮೆ. ಲೋಹ ಹೆಚ್ಚಿರುವ ಭಾರೀ ನಕ್ಷತ್ರ ತನ್ನ ಮೈಯನ್ನು ಬಿರುಗಾಳಿಯಾಗಿ ಊದಿ ಊದಿ ಕಳೆದುಕೊಳ್ಳುತ್ತದೆ, ಜೊತೆಗೆ ಗಿರಕಿಯೂ ನಿಧಾನವಾಗುತ್ತದೆ. ಲೋಹ ಕಡಿಮೆಯಿದ್ದರೆ ಕೊನೆಯವರೆಗೂ ತೂಕವೂ ಉಳಿಯುತ್ತದೆ, ಗಿರಕಿಯೂ ಉಳಿಯುತ್ತದೆ, ಆಗ ಚಿಲುಮೆ ಚಿಮ್ಮುವುದು ಸಾಧ್ಯ. ನಮ್ಮ ಆಕಾಶಗಂಗೆ ಲೋಹದಲ್ಲಿ ಶ್ರೀಮಂತ. ಇಲ್ಲಿ ಅಂಥ ಸ್ಫೋಟವಾಗುವ ಸಂಭವ ಕಡಿಮೆ ಎಂಬುದು ಇದರಿಂದ ಸಿಗುವ ಸಣ್ಣ ಸಮಾಧಾನ.

ಲೆಕ್ಕಕ್ಕೆ ಬಾರದವರು

ಇಷ್ಟು ಅಚ್ಚುಕಟ್ಟಾದ ಉತ್ತರದಲ್ಲೂ ಒಂದು ತೂತಿತ್ತು. ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಮುಖ್ಯವಾಗಿ ಇದನ್ನೇ.

ಊರಿನ ಮಕ್ಕಳ ಸರಾಸರಿ ತೂಕ ತಿಳಿಯಬೇಕೆಂದು ಶಾಲೆಗೆ ಬಂದವರನ್ನಷ್ಟೇ ತೂಗಿದರೆ ಏನಾದೀತು? ಜ್ವರ ಬಂದು ಮನೆಯಲ್ಲಿ ಮಲಗಿದವರು ಲೆಕ್ಕಕ್ಕೇ ಬರಲಿಲ್ಲ. ಇಲ್ಲೂ ಆದದ್ದು ಅದೇ. ವಿಳಾಸ ಸಿಗುತ್ತಿದ್ದದ್ದು ಕಣ್ಣಿಗೆ ಕಾಣುವ ಬೆಳಕಿನಲ್ಲೂ ಉಳಿಹೊಳಪು ಇದ್ದ ಸ್ಫೋಟಗಳಿಗೆ ಮಾತ್ರ. ಹಲವು ಸ್ಫೋಟಗಳಲ್ಲಿ ಕ್ಷ-ಕಿರಣದ ಉಳಿಹೊಳಪಿದ್ದರೂ ಬೆಳಕು ಮಾತ್ರ ಕಾಣುತ್ತಿರಲಿಲ್ಲ. ಅವುಗಳನ್ನು 'ಕತ್ತಲ ಸ್ಫೋಟ'ಗಳೆಂದು ಕರೆದು ಬದಿಗಿಟ್ಟಿದ್ದರು. 2004ರಲ್ಲಿ ಹಾರಿದ ಸ್ವಿಫ್ಟ್ ಉಪಗ್ರಹ ಕ್ಷ-ಕಿರಣಗಳಿಂದಲೇ ಸಾಕಷ್ಟು ನಿಖರವಾದ ವಿಳಾಸ ಕೊಡತೊಡಗಿತು. ಡೇನಿಯಲ್ ಪರ್ಲಿ ಮೊದಲಾದವರು ಕತ್ತಲ ಸ್ಫೋಟಗಳ ಮನೆ ಹುಡುಕಿಕೊಂಡು ಹೋದರು. ಅಲ್ಲಿ ಕಂಡದ್ದು ಬೇರೆಯೇ ಚಿತ್ರ. ಆ ಗ್ಯಾಲಕ್ಸಿಗಳಲ್ಲಿ ಹಲವು ದೊಡ್ಡವು, ಕೆಂಪನೆಯವು, ಧೂಳು ತುಂಬಿದವು. ಬೆಳಕು ಇರಲಿಲ್ಲವೆಂದಲ್ಲ, ಧೂಳು ಅದನ್ನು ನುಂಗಿತ್ತು. 'ಎಲ್ಲ ಮನೆಗಳೂ ಸಣ್ಣವು, ನೀಲಿಯವು' ಎಂಬುದು ಅರ್ಧಸತ್ಯವಾಗಿತ್ತು. ಲೋಹ ಕಡಿಮೆ ಇರುವಲ್ಲಿ ಸ್ಫೋಟ ಹೆಚ್ಚು ಎಂಬ ಮೂಲ ಮಾತು ಉಳಿದುಕೊಂಡಿತು. ಆದರೆ ಗೆರೆ ಮೊದಲು ಎಳೆದಷ್ಟು ಬಿಗಿಯಾಗಿ ಉಳಿಯಲಿಲ್ಲ.

ಹ್ರಸ್ವ ಸ್ಫೋಟಗಳ ಸರದಿ ಬಂದದ್ದು 2005ರಲ್ಲಿ. ಮೇ ತಿಂಗಳಲ್ಲಿ ಸ್ವಿಫ್ಟ್ ಗುರುತಿಸಿದ ಒಂದರ ವಿಳಾಸ ಹೊಸ ನಕ್ಷತ್ರಗಳು ಹುಟ್ಟುವುದೇ ನಿಂತುಹೋದ ಮುದಿ ಗ್ಯಾಲಕ್ಸಿಯೊಂದರ ಪಕ್ಕಕ್ಕೆ ಬಂತು. ಜುಲೈನಲ್ಲಿ ಸಿಕ್ಕ ಇನ್ನೊಂದೂ ಅಂಥದೇ ಮುದಿ ಗ್ಯಾಲಕ್ಸಿಯದು. ಹೆರಿಗೆ ವಾರ್ಡಲ್ಲ, ಇದು ವೃದ್ಧಾಶ್ರಮ. ಇಲ್ಲಿ ಅಲ್ಪಾಯುಷಿ ದೈತ್ಯ ನಕ್ಷತ್ರಗಳು ಎಲ್ಲಿಂದ ಬರಬೇಕು? ಹಾಗಾದರೆ ಸಿಡಿದವರು ಬೇರೆ. ನಕ್ಷತ್ರಗಳು ಸತ್ತು ಉಳಿದ ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದನ್ನೊಂದು ಸುತ್ತುತ್ತ, ಕೋಟಿಗಟ್ಟಲೆ ವರ್ಷಗಳಲ್ಲಿ ಹತ್ತಿರ ಸರಿದು, ಕೊನೆಗೆ ಡಿಕ್ಕಿ ಹೊಡೆಯುತ್ತವೆ ಎಂಬ ಊಹೆಗೆ ಬಲ ಬಂತು. 2017ರ ಆಗಸ್ಟ್ 17ರಂದು ಆ ಡಿಕ್ಕಿಯ ಗುರುತ್ವ ಅಲೆಗಳೇ ಭೂಮಿಯನ್ನು ತಲುಪಿದವು. ಎರಡೇ ಸೆಕೆಂಡಿನೊಳಗೆ ಗ್ಯಾಮಾ ಹೊಳಪೂ ಬಂತು. ಆತಿಥೇಯ: ಸುಮಾರು 13 ಕೋಟಿ ಬೆಳಕಿನ ವರ್ಷ ದೂರದ ಎನ್‌ಜಿಸಿ 4993, ಅದೂ ವಯಸ್ಸಾದದ್ದೇ. ಚಿನ್ನದಂಥ ಭಾರದ ಧಾತುಗಳು ಇಂಥ ಡಿಕ್ಕಿಗಳಲ್ಲಿ ಹುಟ್ಟುತ್ತವೆ ಎಂಬುದಕ್ಕೂ ಅಂದು ಪುರಾವೆ ಸಿಕ್ಕಿತು.

ಇನ್ನೇನು, ದೀರ್ಘವೆಂದರೆ ದೈತ್ಯ ನಕ್ಷತ್ರ, ಹ್ರಸ್ವವೆಂದರೆ ಡಿಕ್ಕಿ ಎಂದು ಪಠ್ಯಪುಸ್ತಕದಲ್ಲಿ ಬರೆದುಬಿಡಬಹುದು ಎನ್ನುವಷ್ಟರಲ್ಲಿ 2023ರ ಮಾರ್ಚ್ 7 ಬಂತು. ಅಂದಿನ ಸ್ಫೋಟ ಬಹಳ ಪ್ರಖರ, ಮತ್ತು ಎರಡು ಸೆಕೆಂಡಿನ ಗಡಿಯನ್ನು ಎಷ್ಟೋ ದಾಟಿದ ದೀರ್ಘ ಸ್ಫೋಟ. ನಿಯಮದ ಪ್ರಕಾರ ಅದು ಎಳೆಯ ಗ್ಯಾಲಕ್ಸಿಯ ನಡುಮನೆಯಲ್ಲಿ ಆಗಬೇಕಿತ್ತು. ಹುಡುಕಿದರೆ ಆ ಜಾಗದಲ್ಲಿ ಮನೆಯೇ ಇಲ್ಲ! ಹತ್ತಿರವೆಂದರೆ ಪಕ್ಕದಲ್ಲೊಂದು ಗ್ಯಾಲಕ್ಸಿ, ಅದೂ ಸುಮಾರು 1,20,000 ಬೆಳಕಿನ ವರ್ಷ ಆಚೆ. ಆಕಾಶದ ಯಾವ ಬಿಂದುವಿನ ಪಕ್ಕದಲ್ಲೂ ಒಂದಲ್ಲ ಒಂದು ಗ್ಯಾಲಕ್ಸಿ ಇದ್ದೇ ಇರುತ್ತದೆ. ಹತ್ತಿರ ಕಂಡದ್ದೇ ಮನೆಯೆಂದು ಹೇಳಿಬಿಡುವಂತಿಲ್ಲ. ಎಂಥ ಗ್ಯಾಲಕ್ಸಿ, ಎಷ್ಟು ದೂರ, ಆಕಸ್ಮಿಕವಾಗಿ ಹಾಗೆ ಹೊಂದಿಕೊಳ್ಳುವ ಸಂಭವ ಎಷ್ಟು ಎಂದು ಲೆಕ್ಕ ಹಾಕಬೇಕು. ಲೆಕ್ಕ ಆ ಪಕ್ಕದ ಮನೆಯನ್ನೇ ತೋರಿಸಿತು. ಜೇಮ್ಸ್ ವೆಬ್ ದೂರದರ್ಶಕ ಅಲ್ಲಿಯ ಉಳಿಹೊಳಪಿನಲ್ಲಿ ಟೆಲ್ಯೂರಿಯಮ್ ಎಂಬ ಭಾರದ ಧಾತುವಿನ ಗುರುತು ಹಿಡಿಯಿತು. ಅದು ಡಿಕ್ಕಿಯ ಸಹಿ. ಎರಡು ನ್ಯೂಟ್ರಾನ್ ನಕ್ಷತ್ರಗಳ ಜೋಡಿ, ತಮ್ಮ ಹಿಂದಿನ ಜನ್ಮದ ಸೂಪರ್ನೋವಾಗಳ ಒದೆತಕ್ಕೆ ಮನೆಯಿಂದ ಹೊರಬಿದ್ದು, ಊರು ಬಿಟ್ಟು ಬಹುದೂರ ಅಲೆದು, ಬಯಲಿನಲ್ಲಿ ಡಿಕ್ಕಿ ಹೊಡೆದಿದ್ದವು. ಗಡಿಯಾರ ಹೇಳಿದ್ದು ಒಂದು, ವಿಳಾಸ ಹೇಳಿದ್ದು ಇನ್ನೊಂದು. ನಿಜ ಹೇಳಿದ್ದು ವಿಳಾಸ.

ಕಾಣದ ಮನೆಗಳು

ಕೆಲವು ಸ್ಫೋಟಗಳಿಗೆ ಮನೆ ಇರಲೇಬೇಕೆಂದು ಗೊತ್ತಿದ್ದರೂ ಕಾಣುವುದಿಲ್ಲ. 2009ರ ಏಪ್ರಿಲ್ 23ರ ಸ್ಫೋಟದ ಬೆಳಕು 1300 ಕೋಟಿ ವರ್ಷ ನಡೆದು ಬಂದಿತ್ತು. ಅಂದರೆ ವಿಶ್ವಕ್ಕೆ ಆಗ 70 ಕೋಟಿ ವರ್ಷವೂ ತುಂಬಿರಲಿಲ್ಲ. ಉಳಿಹೊಳಪು ಆರಿದ ಮೇಲೆ ಹಬಲ್ ಎಷ್ಟು ಹೊತ್ತು ನೋಡಿದರೂ ಅಲ್ಲಿ ಏನೂ ಇಲ್ಲ. ಇಂಥ ಅತಿ ದೂರದ ಆರು ಸ್ಫೋಟಗಳ ಜಾಗಗಳನ್ನು ನಿಯಲ್ ತನ್ವೀರ್ ಮತ್ತು ಸಂಗಡಿಗರು ಹಬಲ್‌ನಿಂದ ಜಾಲಾಡಿ 2012ರಲ್ಲಿ ವರದಿ ಮಾಡಿದರು. ಒಂದರಲ್ಲೂ ಗ್ಯಾಲಕ್ಸಿ ಕಾಣಲಿಲ್ಲ. ಇದು ಸೋಲಲ್ಲ, ಒಂದು ದೊಡ್ಡ ಸುದ್ದಿ. ನಕ್ಷತ್ರ ಸತ್ತಿದೆ ಎಂದರೆ ಅಲ್ಲಿ ನಕ್ಷತ್ರಗಳು ಹುಟ್ಟಿವೆ. ಹಾಗಿದ್ದರೆ ವಿಶ್ವದ ಬಾಲ್ಯದಲ್ಲಿ ಬಹುಪಾಲು ನಕ್ಷತ್ರಗಳು ಹುಟ್ಟಿದ್ದು ಹಬಲ್‌ಗೂ ಕಾಣದಷ್ಟು ಮಂಕಾದ ಪುಟ್ಟ ಗ್ಯಾಲಕ್ಸಿಗಳಲ್ಲಿ. ಹಬಲ್‌ನ ಸುಂದರ ಚಿತ್ರಗಳಲ್ಲಿ ಕಾಣುವವರು ಆ ಕಾಲದ ಶ್ರೀಮಂತರು ಮಾತ್ರ.

ಆ ಕಾಲದ ಒಂದು ಮನೆ ಈಗ ಕಂಡಿದೆ. ಫ್ರಾನ್ಸ್ ಮತ್ತು ಚೀನಾ ಸೇರಿ 2024ರಲ್ಲಿ ಹಾರಿಸಿದ 'ಸ್ವಾಮ್' ಉಪಗ್ರಹ 2025ರ ಮಾರ್ಚ್ 14ರಂದು ಒಂದು ದೀರ್ಘ ಸ್ಫೋಟವನ್ನು ಗುರುತಿಸಿತು. ವಿಶ್ವಕ್ಕೆ ಸುಮಾರು 73 ಕೋಟಿ ವರ್ಷವಾಗಿದ್ದಾಗ ನಡೆದ ಘಟನೆ ಅದು. ಜೇಮ್ಸ್ ವೆಬ್ ಅತ್ತ ತಿರುಗಿದ್ದು ಜುಲೈ 1ರಂದು, ಬೇಕೆಂದೇ ಮೂರೂವರೆ ತಿಂಗಳು ತಡವಾಗಿ. ಅಷ್ಟು ದೂರದಿಂದ ಬರುವಾಗ ಬೆಳಕಿನ ಹಾಗೆ ಕಾಲವೂ ಎಂಟು ಪಟ್ಟಿಗಿಂತ ಹೆಚ್ಚು ಹಿಗ್ಗಿರುತ್ತದೆ. ಅಲ್ಲಿ ಎರಡು ವಾರದೊಳಗೆ ಉಜ್ವಲವಾಗುವ ಸೂಪರ್ನೋವಾ ನಮಗೆ ಹಾಗೆ ಕಾಣಲು ಮೂರು ತಿಂಗಳು ದಾಟಬೇಕು. ಲೆಕ್ಕ ಹಾಕಿದ ಹೊತ್ತಿಗೇ ಸೂಪರ್ನೋವಾದ ಬೆಳಕು ಸಿಕ್ಕಿತು, ಅದರೊಡನೆ ಬೆರೆತು ಅದರ ಮನೆಯ ಬೆಳಕೂ ಸಿಕ್ಕಿತು: ಚಿತ್ರದಲ್ಲಿ ಕೆಲವೇ ಬಿಂದುಗಳಷ್ಟು ಅಗಲದ ಒಂದು ಕೆಂಪು ಮಸುಕು. ಎರಡನ್ನೂ ಬೇರ್ಪಡಿಸಬೇಕಾದರೆ ಸೂಪರ್ನೋವಾ ಪೂರ್ತಿ ಆರಬೇಕು. ಹಿಗ್ಗಿದ ಕಾಲದಲ್ಲಿ ಆರುವುದೂ ನಿಧಾನವೇ. ಆ ಮೇಲೆ ಅಲ್ಲಿ ಉಳಿಯುವ ಬೆಳಕು ಗ್ಯಾಲಕ್ಸಿಯದು.